ಯೇಸು ಸಿನಿಮಾ ನೋಡೋರಿಗೆ: ಯಾವುದು ಗ್ರಂಥದಾಗ ಐತಿ, ಯಾವುದು ಸಿನಿಮಾದವರು ಸೇರಿಸಿದ್ದು?

ಗೋಕಾಕ: ಡಿಸೆಂಬರ್ ಬಂತಂದ್ರೆ, ಇಲ್ಲವೇ ಶುಭ ಶುಕ್ರವಾರ ಹತ್ತಿರ ಬಂತಂದ್ರೆ ಮೊಬೈಲ್‌ನಾಗ ಯೇಸು ಕ್ರಿಸ್ತರ ಜೀವನದ ಸಿನಿಮಾ, ಧಾರಾವಾಹಿ, ವಿಡಿಯೋ ತುಣುಕುಗಳ ಓಡಾಟ ಜಾಸ್ತಿ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಇವನ್ನು ನೋಡೋರು ಕ್ರೈಸ್ತರಷ್ಟೇ ಅಲ್ಲ. ಅಂಗಡಿ ಗಲ್ಲಾದ ಮುಂದೆ ಕೂತವರ ಫೋನಿಗೂ ಬರ್ತಾವ, ಶಾಲೆಗೆ ಹೋಗೋ ಹುಡುಗೂರ ಫೋನಿಗೂ ಬರ್ತಾವ. ಕನ್ನಡದಾಗ ಸಿಗದಿದ್ದರೆ ಹಿಂದಿ, ತೆಲುಗಿನಲ್ಲಿ ನೋಡ್ತಾರೆ.

ನೋಡಿದ ಮೇಲೆ ಮನೆಯಲ್ಲಿ ಏಳೋ ಪ್ರಶ್ನೆ ಒಂದೇ: "ಖರೇನ ಹಿಂಗ ಆಗಿತ್ತೇನು?"

ಇದಕ್ಕೆ ಹೌದು, ಇಲ್ಲ ಅಂತ ಒಂದೇ ಮಾತಿನಲ್ಲಿ ಉತ್ತರ ಕೊಡಲು ಆಗದು. ಯೇಸು ಕುರಿತ ಯಾವ ಸಿನಿಮಾದಲ್ಲೂ ಮೂರು ಥರದ ಸಂಗತಿ ಸೇರಿರುತ್ತವೆ. ಒಂದು, ಬೈಬಲ್‌ನಲ್ಲಿ ಬರೆದದ್ದು. ಎರಡು, ಬೈಬಲ್‌ನಲ್ಲಿ ಇಲ್ಲದಿದ್ದರೂ ನೂರಾರು ವರ್ಷದಿಂದ ಮಂದಿ ಹೇಳಿಕೊಂಡು ಬಂದದ್ದು. ಮೂರು, ಆ ಸಿನಿಮಾದ ಕಥೆಗಾರ, ನಿರ್ದೇಶಕರು ತಾವೇ ಸೇರಿಸಿದ್ದು. ಪರದೆ ಮೇಲೆ ಮೂರೂ ಒಂದೇ ಬಣ್ಣದಲ್ಲಿ ಕಾಣ್ತಾವ. ಬಿಡಿಸಿ ನೋಡೋದು ನೋಡುಗರ ಕೆಲಸ.

ಪಾರಿಜಾತ ನೋಡಿದ ಮಂದಿಗೆ ಇದು ಹೊಸದಲ್ಲ

ಈ ಭಾಗದವರಿಗೆ ಇದು ಬೇಗ ತಿಳಿಯುವ ಮಾತು. ಮೂಡಲಗಿ ತಾಲೂಕಿನ ಕುಲಗೋಡ ಅಂದ್ರೆ ಶ್ರೀಕೃಷ್ಣ ಪಾರಿಜಾತದ ಊರು. ಅಪರಾಳ ತಮ್ಮಣ್ಣ ಬರೆದ ಪಾರಿಜಾತವನ್ನು ಕುಲಗೋಡ ತಮ್ಮಣ್ಣ ತಿದ್ದಿ, ಬೆಳೆಸಿ ಆಟದ ರೂಪಕ್ಕೆ ತಂದರು. ಕೌಜಲಗಿ ನಿಂಗಮ್ಮ ಆ ಆಟಕ್ಕೆ ದೊಡ್ಡ ಹೆಸರು ತಂದ ಕಲಾವಿದೆ.

ನಾರದ ಪಾರಿಜಾತದ ಹೂವು ತಂದದ್ದು, ಅದು ರುಕ್ಮಿಣಿಗೆ ಸಿಕ್ಕದ್ದು, ಸತ್ಯಭಾಮೆ ಸಿಟ್ಟಾದದ್ದು ಪುರಾಣದ ಎಳೆ. ಆಟ ಶುರುವಾಗುವುದು ಮಾತ್ರ ಗೊಲ್ಲತಿಯಿಂದ. ನಡುವೆ ದೂತಿ, ಭಾಗವತನ ಮಾತಿನ ಚಕಮಕಿ ಬರುತ್ತದೆ. ಕೊರವಂಜಿ ಬಂದು ಕಣಿ ಹೇಳ್ತಾಳೆ. ಬೆಳತನಕ ಕೂತು ನೋಡಿದ ಹಿರಿಯರಿಗೆ ಯಾವುದು ಪುರಾಣದ್ದು, ಯಾವುದು ಆಟದ್ದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಸೇರಿಸಿದ್ದಾರೆ ಅಂತ ಯಾರೂ ಸಿಟ್ಟಾಗೋದೂ ಇಲ್ಲ, ಸೇರಿಸಿದ್ದನ್ನೇ ಪುರಾಣ ಅನ್ನೋದೂ ಇಲ್ಲ.

ಕನ್ನಡದಲ್ಲಿ ಯೇಸುವಿನ ಕಥೆಗೂ ಇಂಥ ಕೆಲಸ ಆಗಿದೆ. ಕಾಸರಗೋಡು ಸೀಮೆಯ ಮಂಜೇಶ್ವರದ ರಾಷ್ಟ್ರಕವಿ ಎಂ. ಗೋವಿಂದ ಪೈ ಯೇಸುವಿನ ಕೊನೆಯ ದಿನವನ್ನು 'ಗೊಲ್ಗೊಥಾ' ಎಂಬ ಖಂಡಕಾವ್ಯದಲ್ಲಿ ಬರೆದರು. ಬುದ್ಧನ ಕೊನೆಯ ದಿನದ ಮೇಲೆ 'ವೈಶಾಖಿ' ಬರೆದವರೂ ಅವರೇ. ಕವಿ ಮಾಡಿದ್ದನ್ನೇ ಸಿನಿಮಾದವರು ಕ್ಯಾಮೆರಾ ಹಿಡಿದು ಮಾಡ್ತಾರೆ. ಕಾವ್ಯ ಓದುವಾಗ ಇದು ಕವಿಯ ಮಾತು ಅನ್ನೋದು ನೆನಪಿರುತ್ತದೆ. ಸಿನಿಮಾ ನೋಡುವಾಗ ಅದು ಮರೆತುಹೋಗುತ್ತದೆ.

ಭಾರತದ ಸಿನಿಮಾ ಹುಟ್ಟಿದ್ದಕ್ಕೂ ಯೇಸು ಚಿತ್ರವೇ ಕಾರಣ

1910ರ ಹೊತ್ತಿಗೆ ಮುಂಬೈನ ಗಿರಗಾಂವದ ಒಂದು ಟಾಕೀಸಿನಲ್ಲಿ ದಾದಾಸಾಹೇಬ ಫಾಲ್ಕೆ ಯೇಸುವಿನ ಜೀವನದ ಮೂಕಿ ಚಿತ್ರ ನೋಡಿದರು. ಪರದೆ ಮೇಲೆ ಯೇಸು ನಡೆದಾಡುತ್ತಿದ್ದರೆ ಅವರ ಮನಸ್ಸಿನಲ್ಲಿ ರಾಮ, ಕೃಷ್ಣ, ಗೋಕುಲ, ಅಯೋಧ್ಯೆ ಓಡಿದವು ಅಂತ ಅವರೇ ಮುಂದೆ ಬರೆದುಕೊಂಡಿದ್ದಾರೆ. ನಮ್ಮ ದೇವರನ್ನು ನಮ್ಮ ಮಂದಿ ಪರದೆ ಮೇಲೆ ನೋಡೋದು ಯಾವಾಗ ಅನ್ನೋ ಹಟ ಅಲ್ಲಿ ಹುಟ್ಟಿತು.

1913ರ ಮೇ 3ರಂದು ಅವರ 'ರಾಜಾ ಹರಿಶ್ಚಂದ್ರ' ತೆರೆ ಕಂಡಿತು. ಮುಂದೆ ಕೃಷ್ಣನ ಕಥೆಯನ್ನೂ ತೆಗೆದರು. 1919ರ 'ಕಾಳಿಯ ಮರ್ದನ'ದಲ್ಲಿ ಬಾಲಕೃಷ್ಣನ ಪಾತ್ರ ಮಾಡಿದ್ದು ಅವರ ಮಗಳು ಮಂದಾಕಿನಿ. ದೇವರ ಪಾತ್ರಕ್ಕೆ ಮುಖ ಯಾರದ್ದು ಅನ್ನೋ ಪ್ರಶ್ನೆ ಅವತ್ತಿನಿಂದಲೇ ಐತಿ.

ಮೂಲ ಎಷ್ಟು? 89 ಅಧ್ಯಾಯ

ಯೇಸುವಿನ ಜೀವನದ ಮುಖ್ಯ ಮೂಲ ಬೈಬಲ್‌ನ ಹೊಸ ಒಡಂಬಡಿಕೆಯ ನಾಲ್ಕು ಸುವಾರ್ತೆಗಳು. ಮತ್ತಾಯ 28 ಅಧ್ಯಾಯ, ಮಾರ್ಕ 16, ಲೂಕ 24, ಯೋಹಾನ 21. ಕೂಡಿಸಿದರೆ 89. ನಾಲ್ಕೂ ಗ್ರೀಕ್ ಭಾಷೆಯಲ್ಲಿ ಬರೆದವು. ಯೇಸು ಮಾತಾಡುತ್ತಿದ್ದದ್ದು ಅರಾಮಿಕ್. ಘಟನೆ ನಡೆದು ಕೆಲವು ದಶಕ ಕಳೆದ ಮೇಲೆ ಇವು ಬರಹಕ್ಕೆ ಇಳಿದವು ಅನ್ನೋದು ಬಹುತೇಕ ವಿದ್ವಾಂಸರ ಅಭಿಪ್ರಾಯ.

ಹಾಗಂತ ಎಲ್ಲಾ ಬರೀ ಕಟ್ಟುಕಥೆ ಅನ್ನೋ ಹಾಗೂ ಇಲ್ಲ. ಯೇಸುವಿಗೆ ಮರಣದಂಡನೆ ಕೊಟ್ಟ ಪೊಂತ್ಯ ಪಿಲಾತ ಇತಿಹಾಸದಲ್ಲಿ ಇದ್ದ ರೋಮನ್ ಅಧಿಕಾರಿ. ಅವನ ಹೆಸರು ಕೆತ್ತಿದ ಕಲ್ಲು 1961ರಲ್ಲಿ ಇಸ್ರೇಲ್‌ನ ಕೈಸರೇಯದಲ್ಲಿ ಸಿಕ್ಕಿದೆ.

ನಾಲ್ಕು ಪುಸ್ತಕ ಒಂದೇ ಕಥೆ ಹೇಳಿದರೂ ಒಂದೇ ಥರ ಹೇಳುವುದಿಲ್ಲ. ಹುಟ್ಟಿನ ಕಥೆ ಮತ್ತಾಯ, ಲೂಕದಲ್ಲಿ ಮಾತ್ರ ಇದೆ. ಅದರಲ್ಲೂ ಜ್ಯೋತಿಷಿಗಳು ಬರೋದು ಮತ್ತಾಯದಲ್ಲಿ, ಕುರುಬರು ಬರೋದು ಲೂಕದಲ್ಲಿ. ಕ್ರಿಸ್ಮಸ್ ಗೋದಲಿಯಲ್ಲಿ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿದ್ದು ನಂತರದವರು.

ಇನ್ನೊಂದು ಉದಾಹರಣೆ ನೋಡ್ರಿ. ಯೆರೂಸಲೇಮಿನ ದೇವಾಲಯದಲ್ಲಿ ವ್ಯಾಪಾರ ಮಾಡುತ್ತಿದ್ದವರ ಮೇಜು ಉರುಳಿಸಿ ಯೇಸು ಅವರನ್ನು ಹೊರಗೆ ಹಾಕಿದ ದೃಶ್ಯ ಎಷ್ಟೋ ಸಿನಿಮಾದಲ್ಲಿ ಇರುತ್ತದೆ. ಯೋಹಾನ ಇದನ್ನು ಕಥೆಯ ಆರಂಭದಲ್ಲೇ ಹೇಳ್ತಾನೆ. ಉಳಿದ ಮೂವರು ಕೊನೆಯ ವಾರದಲ್ಲಿ ಹೇಳ್ತಾರೆ. ಸಿನಿಮಾದವರು ಯಾವುದೋ ಒಂದನ್ನು ಹಿಡಿಯಬೇಕು. ಹೆಚ್ಚಿನವರು ಕೊನೆಗೆ ಇಡ್ತಾರೆ, ಯಾಕಂದ್ರೆ ಅದರ ಬೆನ್ನಿಗೆ ಬಂಧನ ತೋರಿಸಿದರೆ ಕಥೆಗೆ ಬಿಗಿ ಬರುತ್ತದೆ.

ಶಿಲುಬೆಯ ಮೇಲೆ ಯೇಸು ಆಡಿದರೆನ್ನುವ 7 ಮಾತುಗಳೂ ಒಂದೇ ಪುಸ್ತಕದಲ್ಲಿ ಇಲ್ಲ. ಲೂಕದಿಂದ 3, ಯೋಹಾನದಿಂದ 3, ಮತ್ತಾಯ ಮತ್ತು ಮಾರ್ಕದಲ್ಲಿರುವ 1 ಸೇರಿಸಿ ಏಳು ಆಗಿದೆ.

ಎಲ್ಲರೂ ನಂಬಿದ್ದು, ಆದರೆ ಪುಸ್ತಕದಾಗ ಇಲ್ಲದ್ದು

* ಮೂವರು ಜ್ಯೋತಿಷಿಗಳು: ಮತ್ತಾಯ ಎಷ್ಟು ಮಂದಿ ಅಂತ ಬರೆದಿಲ್ಲ. ಬಂಗಾರ, ಧೂಪ, ರಕ್ತಬೋಳ ಅಂತ ಕಾಣಿಕೆ ಮೂರು ಇದ್ದದ್ದರಿಂದ ಮಂದಿಯೂ ಮೂವರು ಆದರು.
* ಡಿಸೆಂಬರ್ 25: ಹುಟ್ಟಿದ ದಿನಾಂಕ ಯಾವ ಸುವಾರ್ತೆಯಲ್ಲೂ ಇಲ್ಲ.
* ಬಾಲ್ಯ: 12ನೇ ವಯಸ್ಸಿನಲ್ಲಿ ದೇವಾಲಯದಲ್ಲಿ ಗುರುಗಳ ಜೊತೆ ಚರ್ಚೆ ಮಾಡಿದ ಒಂದು ಘಟನೆ ಲೂಕದಲ್ಲಿದೆ. ಅಲ್ಲಿಂದ ಸುಮಾರು 30ನೇ ವಯಸ್ಸಿನ ತನಕ ನಾಲ್ಕೂ ಪುಸ್ತಕ ಮೌನ. ಧಾರಾವಾಹಿಗಳಲ್ಲಿ ಬಾಲ ಯೇಸುವಿನ ಕಂತು ಮೇಲೆ ಕಂತು ಬಂದರೆ ಬಹುಪಾಲು ಕಥೆಗಾರರ ಕೈಚಳಕ ಅಂತ ತಿಳಿಯಬೇಕು.
* ಮಗ್ದಲದ ಮರಿಯ: ಇವಳನ್ನು ವೇಶ್ಯೆ ಅಂತ ಎಷ್ಟೋ ಸಿನಿಮಾ ತೋರಿಸಿವೆ. ಸುವಾರ್ತೆಗಳಲ್ಲಿ ಹಾಗೆ ಎಲ್ಲೂ ಇಲ್ಲ. 591ರಲ್ಲಿ ಪೋಪ್ ಒಂದನೇ ಗ್ರೆಗರಿ ತಮ್ಮ ಪ್ರವಚನದಲ್ಲಿ ಇವಳನ್ನೂ ಇನ್ನೊಬ್ಬ ಪಾಪಿ ಹೆಂಗಸನ್ನೂ ಒಂದೇ ಮಾಡಿದರು. ಅದೇ ಮುಂದೆ ಉಳೀತು. ಯೋಹಾನನ ಪ್ರಕಾರ ಮರಣದ ನಂತರ ಎದ್ದು ಬಂದ ಯೇಸುವನ್ನು ಮೊದಲು ಕಂಡವಳು ಇವಳೇ.
* ಮುಖ ಒರೆಸಿದ ವೆರೋನಿಕಾ: ಶಿಲುಬೆ ಹೊತ್ತು ಹೋಗುವಾಗ ಬಟ್ಟೆಯಿಂದ ಮುಖ ಒರೆಸುವ ಹೆಂಗಸು ಚರ್ಚ್ ಸಂಪ್ರದಾಯದಿಂದ ಬಂದವಳು. ನಾಲ್ಕು ಸುವಾರ್ತೆಗಳಲ್ಲಿ ಅವಳಿಲ್ಲ.

ಇವು ಸುಳ್ಳು ಅಂತ ಅಲ್ಲ ಇದರ ಅರ್ಥ. ಕೆಲವು ಸಂಪ್ರದಾಯಗಳಿಗೆ ಕ್ರೈಸ್ತರಲ್ಲಿ ದೊಡ್ಡ ಗೌರವ ಇದೆ. ಆದರೆ ಮೂಲದಲ್ಲಿ ಇರುವುದು ಬೇರೆ, ನಂತರ ಸೇರಿದ್ದು ಬೇರೆ.

ಯಾವ ಸಿನಿಮಾ, ಯಾರು ಮಾಡಿದ್ದು?

ಕರುಣಾಮಯುಡು (1978): ತೆಲುಗು ಚಿತ್ರ. ನಿರ್ದೇಶಕರು ಎ. ಭೀಮಸಿಂಗ್, ಯೇಸುವಿನ ಪಾತ್ರ ವಿಜಯಚಂದರ್ ಅವರದು. ಹಿಂದಿಯಲ್ಲಿ 'ದಯಾಸಾಗರ್' ಆಗಿ ಬಂತು. ಪ್ರೊಜೆಕ್ಟರ್ ಹೊತ್ತ ತಂಡಗಳು ಇದನ್ನು ದೇಶದ ಹಳ್ಳಿ ಹಳ್ಳಿಗೆ ಒಯ್ದವು. ನಮ್ಮ ಪೌರಾಣಿಕ ಸಿನಿಮಾದ ಹಾಡು, ಭಾವ, ಮಾತಿನ ಧಾಟಿ ಇದರಲ್ಲಿ ಇರೋದ್ರಿಂದ ಹಳ್ಳಿ ಮಂದಿಗೆ ಪರಕೀಯ ಅನ್ನಿಸಲಿಲ್ಲ. ಇದೇ ವಿಜಯಚಂದರ್ ಮುಂದೆ ತೆಲುಗಿನಲ್ಲಿ ಶಿರಡಿ ಸಾಯಿಬಾಬಾ ಪಾತ್ರವನ್ನೂ ಮಾಡಿದರು.

ಜೀಸಸ್ (1979): ಲೂಕನ ಸುವಾರ್ತೆ ಒಂದನ್ನೇ ಹಿಡಿದು ಇಸ್ರೇಲ್‌ನಲ್ಲಿ ಚಿತ್ರೀಕರಿಸಿದ್ದು. ಯೇಸುವಿನ ಪಾತ್ರ ಬ್ರಿಟಿಷ್ ನಟ ಬ್ರಿಯಾನ್ ಡೀಕನ್ ಅವರದು. ಕನ್ನಡ ಸೇರಿ 2000ಕ್ಕೂ ಹೆಚ್ಚು ಭಾಷೆಗೆ ಡಬ್ ಆಗಿದೆ. ಜಗತ್ತಿನಲ್ಲಿ ಅತಿ ಹೆಚ್ಚು ಭಾಷೆಗೆ ಹೋದ ಸಿನಿಮಾ ಇದೇ. ಇದರ ಹಿಂದೆ ಇರೋದು ಅಮೆರಿಕದ ಧರ್ಮಪ್ರಚಾರ ಸಂಸ್ಥೆ. ಸಿನಿಮಾದ ಕೊನೆಗೆ ನೋಡುಗರನ್ನು ಪ್ರಾರ್ಥನೆಗೆ ಕರೆಯುವ ಭಾಗ ಇರುತ್ತದೆ. ಅದು ಕಥೆಯ ಭಾಗ ಅಲ್ಲ, ಮಾಡಿದವರ ಕರೆ. ಒಪ್ಪೋದು, ಬಿಡೋದು ನೋಡುಗರಿಗೆ ಬಿಟ್ಟದ್ದು. ಗೊತ್ತಿದ್ದು ನೋಡೋದು ಚಲೋ.

ಜೀಸಸ್ ಆಫ್ ನಜರೆತ್ (1977): ಇಟಲಿಯ ಫ್ರಾಂಕೊ ಜೆಫಿರೆಲ್ಲಿ ಟಿವಿಗಾಗಿ ಮಾಡಿದ 6 ಗಂಟೆಗೂ ಮಿಕ್ಕಿದ ಸರಣಿ. ನಾಲ್ಕೂ ಸುವಾರ್ತೆ ಕೂಡಿಸಿ ಹೆಣೆದಿದ್ದಾರೆ. ರಾಬರ್ಟ್ ಪೊವೆಲ್ ಎಂಬ ನಟನ ಮುಖ ಮುಂದೆ ಎಷ್ಟೋ ಕಡೆ ಯೇಸುವಿನ ಪಟವಾಗಿಯೇ ಚಲಾವಣೆಗೆ ಬಂತು.

ದಿ ಪ್ಯಾಷನ್ ಆಫ್ ದಿ ಕ್ರೈಸ್ಟ್ (2004): ಮೆಲ್ ಗಿಬ್ಸನ್ ನಿರ್ದೇಶನ. ಕೊನೆಯ 12 ಗಂಟೆಯ ಕಥೆ, ಮಾತು ಅರಾಮಿಕ್, ಹೀಬ್ರೂ, ಲ್ಯಾಟಿನ್‌ನಲ್ಲಿ. ಚಾಟಿ ಏಟಿನ ದೃಶ್ಯ ನಿಮಿಷಗಟ್ಟಲೆ ಇದೆ. ಸುವಾರ್ತೆಗಳಲ್ಲಿ ಚಾಟಿಯಿಂದ ಹೊಡೆಸಿದರು ಅನ್ನೋದು ಒಂದೇ ಮಾತಿನಲ್ಲಿ ಮುಗಿಯುತ್ತದೆ, ಏಟಿನ ಲೆಕ್ಕ ಇಲ್ಲ. ಚಿತ್ರದ ಎಷ್ಟೋ ವಿವರ ಆನ್ ಕ್ಯಾಥರೀನ್ ಎಮ್ಮರಿಕ್ ಎಂಬ ಜರ್ಮನ್ ಸನ್ಯಾಸಿನಿಯ ದರ್ಶನಗಳ ಪುಸ್ತಕದಿಂದ ಬಂದವು. ಸಣ್ಣ ಮಕ್ಕಳ ಮುಂದೆ ಇದನ್ನು ಹಚ್ಚಬಾರದು.

ದಿ ಚೋಸನ್: ಮಂದಿಯಿಂದಲೇ ಹಣ ಕೂಡಿಸಿ 2019ರಲ್ಲಿ ಶುರುವಾದ ಸರಣಿ. ಯೇಸುವಿಗಿಂತ ಅವರ ಸುತ್ತ ಇದ್ದವರ ಸಂಸಾರ, ಸಾಲ, ಜಗಳ ಜಾಸ್ತಿ. ಮೀನುಗಾರ ಸೀಮೋನ ಪೇತ್ರ ಸುಂಕದ ಬಾಕಿಯಲ್ಲಿ ಸಿಕ್ಕಿಬಿದ್ದದ್ದು ಬೈಬಲ್‌ನಲ್ಲಿ ಇಲ್ಲ. ಸುಂಕದವನಾದ ಮತ್ತಾಯನ ಸ್ವಭಾವವೂ ಕಥೆಗಾರರು ಕೊಟ್ಟದ್ದು. ಮೊದಲ ಕಂತಿನ ಶುರುವಿಗೆ ತಂಡದವರೇ ಇದನ್ನು ಹೇಳಿಕೊಂಡಿದ್ದಾರೆ: ಪಾತ್ರಗಳ ಹಿನ್ನೆಲೆ ಸೇರಿಸಿದ್ದೇವೆ, ಮೂಲಕ್ಕೆ ಸುವಾರ್ತೆ ಓದಿರಿ ಅಂತ.

ಯೇಶು: 2020ರ ಡಿಸೆಂಬರ್‌ನಲ್ಲಿ ಆ್ಯಂಡ್ ಟಿವಿಯಲ್ಲಿ ಶುರುವಾದ ಹಿಂದಿ ಧಾರಾವಾಹಿ. ಬಾಲ್ಯದ ಕಥೆಗೇ ಹೆಚ್ಚು ಜಾಗ. ಪುಸ್ತಕ ಮೌನ ಇರುವ ಕಡೆಯೇ ಧಾರಾವಾಹಿ ಹೆಚ್ಚು ಮಾತಾಡುತ್ತದೆ ಅನ್ನೋದಕ್ಕೆ ಇದು ಉದಾಹರಣೆ.

ಮುಖ ಹೇಗಿತ್ತು?

ಯೇಸುವಿನ ಎತ್ತರ, ಮೈಬಣ್ಣ, ಕಣ್ಣು, ಕೂದಲು ಯಾವುದನ್ನೂ ನಾಲ್ವರಲ್ಲಿ ಒಬ್ಬರೂ ಬರೆದಿಲ್ಲ. ಅವರು ಪಶ್ಚಿಮ ಏಷ್ಯಾದ ಯೆಹೂದಿ. ನೀಲಿ ಕಣ್ಣು, ಹೊಂಬಣ್ಣದ ಕೂದಲು ಯುರೋಪ್, ಅಮೆರಿಕದ ಚಿತ್ರಕಾರರಿಂದ ಬಂದದ್ದು.

ಮುಖ ತೋರಿಸಬೇಕೋ ಬೇಡವೋ ಅನ್ನೋ ಜಿಜ್ಞಾಸೆಯೂ ಹಳೆಯದು. ಬ್ರಿಟನ್‌ನ ಸೆನ್ಸಾರ್ ಮಂಡಳಿ 1913ರಲ್ಲಿ ಕೆಲಸ ಶುರು ಮಾಡಿದಾಗ ಅದಕ್ಕೆ ಇದ್ದದ್ದು ಎರಡೇ ನಿಯಮ: ನಗ್ನತೆ ಇರಬಾರದು, ಕ್ರಿಸ್ತನ ಪಾತ್ರವನ್ನು ನಟ ಮಾಡಬಾರದು. 1959ರ 'ಬೆನ್ ಹರ್' ಚಿತ್ರದಲ್ಲಿ ಯೇಸು ಬರ್ತಾರೆ, ಮುಖ ಒಮ್ಮೆಯೂ ಕಾಣೋದಿಲ್ಲ.

ಅಂಗಡಿ ಗೋಡೆ ಮೇಲಿನ ಲಕ್ಷ್ಮಿ, ಸರಸ್ವತಿ ಕ್ಯಾಲೆಂಡರ್ ನೋಡಿದರೆ ಇದು ತಿಳಿಯುತ್ತದೆ. ಆ ಮುಖಗಳಿಗೆ ರಾಜಾ ರವಿವರ್ಮ ಹಾಕಿದ ದಾರಿಯೇ ಇವತ್ತಿಗೂ ನಡೆದಿದೆ. 1894ರಲ್ಲಿ ಅವರು ಮುಂಬೈನಲ್ಲಿ ಹಾಕಿದ ಛಾಪಖಾನೆಯಿಂದ ದೇವರ ಪಟ ಮನೆಮನೆಗೆ ಬಂದವು. ಭಕ್ತಿ ಖರೇ, ಮುಖ ಮಾತ್ರ ಒಬ್ಬ ಚಿತ್ರಕಾರ ಕಂಡದ್ದು.

ಖಳನಾಯಕ ಯಾರು? ಇಲ್ಲಿ ಎಚ್ಚರ ಬೇಕು

ಹೂವು, ಬಟ್ಟೆ, ಮುಖ ಹೆಚ್ಚುಕಡಿಮೆ ಆದರೆ ಯಾರಿಗೂ ತೊಂದರೆ ಇಲ್ಲ. ಕೊಂದವರು ಯಾರು ಅನ್ನೋದನ್ನು ತೋರಿಸುವ ರೀತಿ ಮಾತ್ರ ಜೀವ ತೆಗೆದಿದೆ.

ಶಿಲುಬೆಗೆ ಹಾಕೋದು ರೋಮನ್ನರ ಶಿಕ್ಷೆ. ಆಜ್ಞೆ ಕೊಟ್ಟದ್ದು ಪಿಲಾತ, ಮೊಳೆ ಹೊಡೆದದ್ದು ರೋಮನ್ ಸೈನಿಕರು. ಯೆರೂಸಲೇಮಿನ ಕೆಲವು ಧರ್ಮಾಧಿಕಾರಿಗಳು ಒತ್ತಾಯಿಸಿದರು ಅಂತ ಸುವಾರ್ತೆಗಳು ಹೇಳುತ್ತವೆ. ಯೇಸು, ಅವರ ತಾಯಿ, 12 ಶಿಷ್ಯರು ಎಲ್ಲರೂ ಯೆಹೂದಿಗಳೇ. ಆದರೂ ಯುರೋಪಿನ ನಾಟಕಗಳಲ್ಲಿ ನೂರಾರು ವರ್ಷ ಇಡೀ ಯೆಹೂದಿ ಸಮುದಾಯವನ್ನೇ ಕೊಲೆಗಾರರಂತೆ ತೋರಿಸಿದರು. ಶುಭ ಶುಕ್ರವಾರದ ಆಟ ನೋಡಿ ಬಂದ ಗುಂಪುಗಳು ಯೆಹೂದಿಗಳ ಓಣಿಗೆ ನುಗ್ಗಿದ ಉದಾಹರಣೆಗಳಿವೆ.

ಜರ್ಮನಿಯ ಒಬರಾಮರ್ಗೌ ಹಳ್ಳಿಯವರು ಪ್ಲೇಗ್ ಹರಕೆಯಿಂದ 1634ರಲ್ಲಿ ಶುರು ಮಾಡಿದ ಯೇಸು ನಾಟಕ ಸುಮಾರು 10 ವರ್ಷಕ್ಕೊಮ್ಮೆ ಇವತ್ತಿಗೂ ನಡೆಯುತ್ತದೆ. 1934ರಲ್ಲಿ ಹಿಟ್ಲರ್ ಅಲ್ಲಿಗೆ ಹೋಗಿ ನೋಡಿದ, ಮುಂದೆ ಹೊಗಳಿದ. 1965ರ ಅಕ್ಟೋಬರ್ 28ರಂದು ಕ್ಯಾಥೋಲಿಕ್ ಸಭೆಯೇ, ಯೇಸುವಿನ ಮರಣದ ದೋಷವನ್ನು ಅಂದಿನ ಎಲ್ಲಾ ಯೆಹೂದಿಗಳ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಬಾರದು ಅಂತ ಘೋಷಿಸಿತು. ಆ ಹಳ್ಳಿಯವರೂ ಆಮೇಲೆ ನಾಟಕದ ಮಾತುಗಳನ್ನು ತಿದ್ದಿದ್ದಾರೆ.

ಸಮುದಾಯಕ್ಕೆ ಸಮುದಾಯವನ್ನೇ ಕೆಟ್ಟವರು ಅಂತ ತೋರಿಸುವ ದೃಶ್ಯ ಯಾವ ಧರ್ಮದ ಸಿನಿಮಾದಲ್ಲಿ ಬಂದರೂ ಇದು ನೆನಪಿಡಬೇಕು. ಅದೇ ದೃಶ್ಯವನ್ನು 30 ಸೆಕೆಂಡಿಗೆ ಕತ್ತರಿಸಿ, ಮೇಲೊಂದು ಸಾಲು ಬರೆದು ವಾಟ್ಸ್‌ಆ್ಯಪ್‌ಗೆ ಬಿಟ್ಟರೆ ಊರಾಗ ಏನು ಆಗಬಹುದು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಊರಾಗ, ಅಂಗಡಿಯಾಗ ಹಚ್ಚೋರಿಗೆ

* ಮನೆಯಲ್ಲಿ ನೋಡೋದು ಬೇರೆ, ಪರದೆ ಕಟ್ಟಿ ಮಂದಿಗೆ ತೋರಿಸೋದು ಬೇರೆ. ಸಾರ್ವಜನಿಕ ಪ್ರದರ್ಶನಕ್ಕೆ ಸಿನಿಮಾದ ಹಕ್ಕು ಇರೋರ ಒಪ್ಪಿಗೆ ಬೇಕು. 'ಜೀಸಸ್', 'ದಿ ಚೋಸನ್' ಎರಡನ್ನೂ ಅವುಗಳ ಸ್ವಂತ ಆ್ಯಪ್‌ನಲ್ಲಿ ಉಚಿತವಾಗಿ ನೋಡಬಹುದು.
* ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಲ್ಲಿ ಹಚ್ಚುವಂತಿಲ್ಲ. ಜಾತ್ರೆ, ಉರುಸು, ಕ್ರಿಸ್ಮಸ್ ಎಲ್ಲಕ್ಕೂ ನಿಯಮ ಇದೇ. ಹಬ್ಬದ ದಿನಗಳಿಗೆ ಸರ್ಕಾರ ಸಡಿಲಿಕೆ ಕೊಟ್ಟಿದ್ದರೆ ಆ ಮಾತು ಬೇರೆ.
* ಯಾವುದೇ ಧರ್ಮದವರ ಭಾವನೆ ಕೆರಳಿಸುವ ದುರುದ್ದೇಶದಿಂದ ವಿಡಿಯೋ ಹಂಚಿದರೆ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ಅಡಿ ಪ್ರಕರಣ ಆಗಬಹುದು. ಬರೀ ಫಾರ್ವರ್ಡ್ ಮಾಡಿದ್ದೆ ಅಂತ ಹೇಳಿ ಪಾರಾಗಬಹುದು ಅನ್ನೋ ಭರವಸೆ ಬೇಡ.

ನೋಡೋ ರೀತಿ

ಸಿನಿಮಾ ಮುಗಿದ ಮೇಲೆ ಮನಸ್ಸಿನಲ್ಲಿ ಉಳಿದ ಒಂದು ದೃಶ್ಯ ಹಿಡೀರಿ. ಅದು ನಾಲ್ಕರಲ್ಲಿ ಯಾವ ಸುವಾರ್ತೆಯಲ್ಲಿದೆ ಅಂತ ಹುಡುಕ್ರಿ. ಕನ್ನಡ ಬೈಬಲ್ ಫೋನಿನಲ್ಲೇ ಸಿಗುತ್ತದೆ. ಎಲ್ಲಕ್ಕಿಂತ ಸಣ್ಣದು ಮಾರ್ಕ, ಒಂದೂವರೆ-ಎರಡು ತಾಸಿನಲ್ಲಿ ಓದಿ ಮುಗಿಸಬಹುದು. ಒಂದು ಸಿನಿಮಾಕ್ಕೆ ಹಿಡಿಯುವಷ್ಟೇ ಹೊತ್ತು. ಪುಸ್ತಕದಲ್ಲಿ ಆ ದೃಶ್ಯ ಇದ್ದರೆ ಎಷ್ಟು ಸಾಲಿನಲ್ಲಿದೆ, ಸಿನಿಮಾ ಎಷ್ಟು ಹಿಗ್ಗಿಸಿದೆ ನೋಡ್ರಿ. ಇಲ್ಲದಿದ್ದರೆ, ಯಾಕ ಸೇರಿಸಿರಬಹುದು ಅಂತ ಕೇಳಿಕೊಳ್ರಿ. ಓಣಿಯಲ್ಲಿ ಕ್ರೈಸ್ತ ಮನೆಯವರು ಇದ್ದರೆ, ಇಲ್ಲವೇ ಪರಿಚಯದ ಫಾದರ್, ಪಾಸ್ಟರ್ ಇದ್ದರೆ ಅವರನ್ನೇ ಕೇಳಬಹುದು. ಕೇಳಿದರೆ ಹೇಳೋರು ಸಿಗ್ತಾರೆ.

ಮಕ್ಕಳು "ಖರೇನ ಹಿಂಗ ಆಗಿತ್ತೇನು?" ಅಂದಾಗ "ಸುಮ್ಮನ ನೋಡು" ಅನ್ನೋದಕ್ಕಿಂತ "ಇದು ಪುಸ್ತಕದಾಗ ಐತಿ, ಇದು ಸಿನಿಮಾದವರು ಸೇರಿಸಿದ್ದು" ಅಂತ ಹೇಳಿದರೆ ಎರಡು ಲಾಭ. ಪಕ್ಕದ ಮನೆಯವರ ನಂಬಿಕೆ ಏನು ಅಂತ ಮಗುವಿಗೆ ತಿಳಿಯುತ್ತದೆ. ನಾಳೆ ರಾಮಾಯಣ, ಬಸವಣ್ಣ, ಶಿವಾಜಿ ಮಹಾರಾಜರ ಸಿನಿಮಾ ನೋಡುವಾಗಲೂ ಅದೇ ಪ್ರಶ್ನೆ ಕೇಳಲು ಬರುತ್ತದೆ.